ದೆಹಲಿಗೆ ಬಿಸಿನೆಸ್ ಕ್ಲಾಸ್: ಟೇಪು ಹಿಡಿದು ಅಳೆದವನ ಲೆಕ್ಕ

ಬೆಂಗಳೂರಿನಿಂದ ದೆಹಲಿಗೆ ಎಕಾನಮಿ ಟಿಕೆಟ್ 7,000 ರೂಪಾಯಿಗೆ ಸಿಗುವ ದಿನ, ಅದೇ ವಿಮಾನದ ಬಿಸಿನೆಸ್ ಕ್ಲಾಸ್ 25,000ದಿಂದ 30,000 ಇರುತ್ತದೆ. ಪೈಲಟ್ ಅವನೇ. ಇಳಿಯುವ ಹೊತ್ತೂ ಅದೇ. ಮಧ್ಯೆ ಒಂದು ಪರದೆ, ಅಷ್ಟೇ. ಆ ಪರದೆಯ ಆಚೆಗೆ ಹೋಗಿ ಕೂರಲು ಇಷ್ಟು ದುಡ್ಡು ಸುರಿಯಬಹುದಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಬೆಲೆ ಕೊಟ್ಟು, ಖಾಲಿ ಕೈಯಲ್ಲಿ, ಸಣ್ಣ ವಿಮಾನದಲ್ಲಿ ಹೋಗುವುದಾದರೆ ಬೇಡ. ಆದರೆ ಈ ಮೂರರಲ್ಲಿ ಒಂದು ಬದಲಾದರೂ ಲೆಕ್ಕ ಬದಲಾಗುತ್ತದೆ. ಹೇಗೆ ಅಂತ ಮುಂದೆ ಓದಿ.

ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ವಾಲ್ವ್ ಮಾಡುತ್ತೇವೆ. ಗಿರಾಕಿಗಳು ಹೆಚ್ಚಾಗಿ ಫರೀದಾಬಾದ್, ಗುರುಗ್ರಾಮದ ಕಡೆಯವರು. ಹಾಗಾಗಿ ದೆಹಲಿಗೆ ಓಡಾಟ ತಪ್ಪಿದ್ದಲ್ಲ. ದೊಡ್ಡ ಕಂಪನಿಯ ಮ್ಯಾನೇಜರುಗಳಿಗೆ ಟಿಕೆಟ್ ಆಫೀಸಿನವರು ಕೊಡುತ್ತಾರೆ, ಅವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ನನಗೆ ಹಾಗಲ್ಲ. ಕೂರುವವನೂ ನಾನೇ, ಬಿಲ್ಲು ಕಟ್ಟುವವನೂ ನಾನೇ. ಮೇಲಾಗಿ ಆರಡಿಗಿಂತ ಉದ್ದ ಇದ್ದೇನೆ. ಜೇಬಲ್ಲಿ ಯಾವಾಗಲೂ ಒಂದು ಅಳತೆ ಟೇಪು ಇರುತ್ತದೆ, ಕೆಲಸದ ಚಟ. ಆ ಟೇಪನ್ನು ವಿಮಾನದಲ್ಲೂ ತೆಗೆದಿದ್ದೇನೆ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಹೆಸರಿನ ವಿಷಯ ಮೊದಲು ಮುಗಿಸೋಣ. ‘ಫಸ್ಟ್ ಕ್ಲಾಸ್’ ಅಂತ ದೇಶದೊಳಗಿನ ಹಾರಾಟಕ್ಕೆ ಟಿಕೆಟ್ ಮಾರುವುದು ಅಮೆರಿಕದಲ್ಲಿ. ನಮ್ಮಲ್ಲಿ ಮುಂದಿನ ಸೀಟಿಗೆ ಬಿಸಿನೆಸ್ ಕ್ಲಾಸ್ ಅನ್ನುತ್ತಾರೆ. ನಮ್ಮೂರಿನ ಕಿಂಗ್‌ಫಿಷರ್ ಮಾತ್ರ ಇಲ್ಲಿಯೂ ‘ಕಿಂಗ್‌ಫಿಷರ್ ಫಸ್ಟ್’ ಅಂತ ಮಾರುತ್ತಿತ್ತು. ಅದಕ್ಕೂ ಮೊದಲು 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಇದೇ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದ್ದರು. ಎಲ್ಲರಿಗೂ ಒಂದೇ ಕ್ಲಾಸು, ನೀರಿಗೂ ದುಡ್ಡು, ಕೆಲವರಿಗೆ ಒಂದು ರೂಪಾಯಿಗೂ ಟಿಕೆಟ್. ಆಮೇಲೆ ಡೆಕ್ಕನ್ ಕಿಂಗ್‌ಫಿಷರ್ ಕೈಗೆ ಹೋಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಕೂಡ ನಿಂತಿತು. ಅಗ್ಗದ ಟಿಕೆಟ್ ಮಾರಿದವರೂ ಉಳಿಯಲಿಲ್ಲ, ದುಬಾರಿ ಟಿಕೆಟ್ ಮಾರಿದವರೂ ಉಳಿಯಲಿಲ್ಲ. ವಿಮಾನದ ವ್ಯಾಪಾರವೇ ಹಾಗೆ ಅನ್ನಿಸುತ್ತದೆ.

ಈಗ ಸೀಟಿಗೆ ಬರೋಣ. ವಿಮಾನದವರು ‘ಪಿಚ್’ ಅನ್ನುತ್ತಾರೆ. ಅಂದರೆ ನನ್ನ ಸೀಟಿನ ಒಂದು ಜಾಗದಿಂದ ಮುಂದಿನ ಸೀಟಿನ ಅದೇ ಜಾಗಕ್ಕೆ ಇರುವ ದೂರ. ಎಕಾನಮಿಯಲ್ಲಿ ಇದು 28ರಿಂದ 30 ಇಂಚು. ಏರ್ ಇಂಡಿಯಾ ಹೊಸದಾಗಿ ಒಳಗೆಲ್ಲ ಬದಲಿಸಿರುವ ಎ320 ನಿಯೋ ವಿಮಾನಗಳಲ್ಲಿ ಬಿಸಿನೆಸ್ ಸೀಟಿಗೆ 40 ಇಂಚು. ಹತ್ತು ಇಂಚು ಏನು ಮಹಾ ಅನ್ನಬೇಡಿ. ಎಕಾನಮಿಯಲ್ಲಿ ನೆಟ್ಟಗೆ ಕೂತರೆ ನನ್ನ ಮಂಡಿಗೂ ಮುಂದಿನ ಸೀಟಿಗೂ ನಡುವೆ ಎರಡು ಬೆರಳು ಹೋಗುವುದಿಲ್ಲ. ಮುಂದಿನವನು ಸೀಟು ಹಿಂದಕ್ಕೆ ಒರಗಿಸಿದರೆ ಅದೂ ಇಲ್ಲ. ಬಿಸಿನೆಸ್‌ನಲ್ಲಿ ಒಂದು ಗೇಣಿಗಿಂತ ಜಾಸ್ತಿ ಜಾಗ ಉಳಿಯುತ್ತದೆ. ಕಿಟಕಿ ಕಡೆಯವನು ಎದ್ದು ಹೋಗಬೇಕಾದರೆ ನಾನು ಏಳಬೇಕಾಗಿಲ್ಲ, ಕಾಲು ಸ್ವಲ್ಪ ಸರಿಸಿದರೆ ಸಾಕು.

ಆದರೆ ನಿಜವಾದ ಸುಖ ಕಾಲಿನದ್ದಲ್ಲ, ಮೊಣಕೈಯದ್ದು. ಎಕಾನಮಿಯಲ್ಲಿ ಮೂರು ಜನಕ್ಕೆ ಮೂರು ಸೀಟು, ಪ್ರತಿ ಸೀಟಿನ ಅಗಲ 17–18 ಇಂಚು. ಮಧ್ಯದ ಕೈಪಟ್ಟಿ ಯಾರದ್ದು ಅನ್ನುವ ಮೌನ ಜಗಳ ದೆಹಲಿವರೆಗೂ ನಡೆಯುತ್ತದೆ. ಮುಂದೆ ಎರಡೆರಡೇ ಸೀಟು, ಅಗಲ 20 ಇಂಚಿಗಿಂತ ಜಾಸ್ತಿ, ಮಧ್ಯೆ ಒಂದು ಅಗಲವಾದ ಹಲಗೆ. ಲ್ಯಾಪ್‌ಟಾಪ್ ತೆರೆದು ಕೊಟೇಶನ್ ತಿದ್ದಬಹುದು. ಹಿಂದಿನ ಸೀಟಲ್ಲಿ ನಾನು ಆ ಕೆಲಸಕ್ಕೆ ಕೈ ಹಾಕುವುದೇ ಇಲ್ಲ. ಎರಡೂಮುಕ್ಕಾಲು ಗಂಟೆಯಲ್ಲಿ ಒಂದೂವರೆ ಗಂಟೆ ಕೆಲಸ ಆದರೆ ಅದಕ್ಕೊಂದು ಬೆಲೆ ಇದೆ, ಒಪ್ಪುತ್ತೇನೆ.

ಒರಗುವ ಸುಖ ಮಾತ್ರ ಅಷ್ಟಕ್ಕಷ್ಟೇ. ಸಣ್ಣ ವಿಮಾನದ ಬಿಸಿನೆಸ್ ಸೀಟು ಸಾಮಾನ್ಯವಾಗಿ ಹಾಸಿಗೆ ಆಗುವುದಿಲ್ಲ. ಐದಾರು ಇಂಚು ಹಿಂದಕ್ಕೆ ಹೋಗುತ್ತದೆ, ಹೆಚ್ಚೆಂದರೆ ಏಳು. ಜಾಹೀರಾತಿನಲ್ಲಿ ಕಾಲು ಚಾಚಿ ಮಲಗಿರುವ ಫೋಟೋ ನೋಡುತ್ತೀರಲ್ಲ, ಅದು ಲಂಡನ್ನಿಗೆ ಹೋಗುವ ವಿಮಾನದ್ದು.

ಇಲ್ಲೇ ಒಂದು ಗುಟ್ಟು ಇದೆ, ಟಿಕೆಟ್ ಕೊಳ್ಳುವವರಲ್ಲಿ ಬಹಳ ಜನ ನೋಡುವುದೇ ಇಲ್ಲ. ಬುಕ್ ಮಾಡುವಾಗ ವಿಮಾನದ ಸಂಖ್ಯೆಯ ಪಕ್ಕ ಸಣ್ಣ ಅಕ್ಷರದಲ್ಲಿ ಮಾದರಿ ಬರೆದಿರುತ್ತದೆ. ಎ320, ಎ321 ಅಂತಿದ್ದರೆ ಮಧ್ಯೆ ಒಂದೇ ಓಣಿಯ ಸಣ್ಣ ವಿಮಾನ. 787, 777 ಅಥವಾ ಎ350 ಅಂತಿದ್ದರೆ ಅದು ವಿದೇಶಕ್ಕೆ ಹೋಗುವ ದೊಡ್ಡ ವಿಮಾನ. ಬೆಂಗಳೂರು–ದೆಹಲಿ ಮಾರ್ಗದಲ್ಲಿ ಏರ್ ಇಂಡಿಯಾ ಇಂಥವನ್ನು ಆಗಾಗ ಓಡಿಸಿದೆ. ಅವರ ಹಳೆಯ 787-8ರಲ್ಲಿ 18 ಬಿಸಿನೆಸ್ ಸೀಟು, ಪೂರ್ತಿ ಮಲಗಿಸಬಹುದು. ಮೊದಲ ಎ350 ಬಂದಾಗ 2024ರ ಜನವರಿಯಲ್ಲಿ ಬೆಂಗಳೂರು–ಮುಂಬೈ ಹಾರಾಟದಿಂದಲೇ ಶುರು ಮಾಡಿದ್ದರು. ಅದರಲ್ಲಿ 28 ಪುಟ್ಟ ಕೋಣೆಗಳಂಥ ಸೀಟು, ಬಾಗಿಲು ಸಮೇತ. ದೇಶದೊಳಗೆ ಹಾರುವಾಗ ಈ ಹಾಸಿಗೆಗೆ ಬೆಲೆ ಹೆಚ್ಚುಕಮ್ಮಿ ಸಣ್ಣ ವಿಮಾನದ ಬಿಸಿನೆಸ್‌ನಷ್ಟೇ ಇರುತ್ತದೆ. ಅದೇ ದುಡ್ಡಿಗೆ ಒಬ್ಬನಿಗೆ ಕುರ್ಚಿ, ಇನ್ನೊಬ್ಬನಿಗೆ ಮಂಚ. ಕೊಡುವುದೇ ಆದರೆ ಮಂಚಕ್ಕೆ ಕೊಡಿ. ಕೊನೇ ಹೊತ್ತಲ್ಲಿ ವಿಮಾನ ಬದಲಾಗುವುದೂ ಉಂಟು, ಆಗ ಮಾಡಲಿಕ್ಕೆ ಏನೂ ಇಲ್ಲ.

ಒಮ್ಮೆ ಅಣ್ಣನ ಮಗಳ ಮದುವೆಗೆ ಹೋಗುವಾಗ ನನ್ನ ಹೆಂಡತಿಯನ್ನು ಇಂಥ ಸೀಟಲ್ಲಿ ಕರೆದುಕೊಂಡು ಹೋದೆ. ಮೇಲೆ ಹತ್ತಿ ಬೆಲ್ಟಿನ ದೀಪ ಆರುವ ಹೊತ್ತಿಗೆ ಸುಮಾರು ಹೊತ್ತಾಗಿತ್ತು. ಆಮೇಲೆ ಊಟ ಬಂತು, ಟ್ರೇ ತೆಗೆದರು. ಅವಳು ಗುಂಡಿ ಒತ್ತಿ ಸೀಟನ್ನು ಹಾಸಿಗೆ ಮಾಡಿಕೊಂಡು, ಹೊದ್ದುಕೊಂಡು, ಇನ್ನೇನು ಕಣ್ಣು ಹತ್ತಬೇಕು, ಇಳಿಯುವ ಘೋಷಣೆ ಆಯಿತು. ‘ಇಷ್ಟು ದುಡ್ಡು ಕೊಟ್ಟು ಅರ್ಧ ನಿದ್ದೆಗೆ ಎಬ್ಬಿಸಿಕೊಳ್ಳೋದಾ?’ ಅಂದಳು. ದೆಹಲಿ ಮಲಗುವಷ್ಟು ದೂರದಲ್ಲಿಲ್ಲ, ಅದೇ ತೊಂದರೆ.

ಊಟದ ಬಗ್ಗೆ ಹೇಳಲೇಬೇಕು, ಯಾಕೆಂದರೆ ಬಿಸಿನೆಸ್ ಕ್ಲಾಸ್ ಅಂದ ಕೂಡಲೇ ಎಲ್ಲರೂ ಕೇಳುವುದು ಅದನ್ನೇ. ಮೊದಲು ಒಂದು ಬಿಸಿ ಟವೆಲು, ಇಕ್ಕಳದಲ್ಲಿ ಹಿಡಿದು ಕೊಡುತ್ತಾರೆ. ಕುಡಿಯಲು ನಿಂಬೆ ಪಾನಕವೋ ಜ್ಯೂಸೋ. ಮದ್ಯ ಇಲ್ಲ. ದೇಶದೊಳಗಿನ ಹಾರಾಟದಲ್ಲಿ ಯಾವ ಕ್ಲಾಸಲ್ಲೂ ಮದ್ಯ ಕೊಡುವುದಿಲ್ಲ. ಅಮೆರಿಕದಲ್ಲಿರುವ ನನ್ನ ಭಾಮೈದನಿಗೆ ಇದನ್ನು ಹೇಳಿದರೆ, ‘ಮತ್ತೆ ಯಾವುದಕ್ಕೆ ದುಡ್ಡು ಕೊಡ್ತೀರಿ ಭಾವ?’ ಅಂತ ಕೇಳುತ್ತಾನೆ. ಅವನಿಗೆ ಅಲ್ಲಿ ಟಿಕೆಟ್ಟಿನ ಅರ್ಧ ದುಡ್ಡು ಗ್ಲಾಸಲ್ಲೇ ವಸೂಲಾಗುತ್ತದೆ.

ಬೆಳಗಿನ ವಿಮಾನದಲ್ಲಿ ನಾನು ಸಾಮಾನ್ಯವಾಗಿ ಇಡ್ಲಿ ಹೇಳುತ್ತೇನೆ. ಬಿಳಿ ಬಟ್ಟೆ ಹಾಸಿದ ಟ್ರೇ, ಪಿಂಗಾಣಿ ತಟ್ಟೆ, ಭಾರವಾದ ಸ್ಟೀಲ್ ಚಮಚ. ತಟ್ಟೆಯಲ್ಲಿ ಎರಡು ಇಡ್ಲಿ, ಒಂದು ಸಣ್ಣ ವಡೆ, ಅಚ್ಚು ಹಾಕಿದಂತೆ ನಿಂತ ಉಪ್ಪಿಟ್ಟು. ನೋಡಲಿಕ್ಕೆ ಚೆಂದ. ಇಡ್ಲಿಯ ಮಧ್ಯಭಾಗ ಪರವಾಗಿಲ್ಲ, ಅಂಚು ಮಾತ್ರ ಓವನ್ನಿನ ಬಿಸಿಗೆ ಒಣಗಿ ಬಿರುಸಾಗಿರುತ್ತದೆ. ಸಾಂಬಾರಿಗೆ ಅದ್ದಿ ಸ್ವಲ್ಪ ಹೊತ್ತು ಬಿಡಬೇಕು. ಚಟ್ನಿ ತಣ್ಣಗೆ ಚಿಕ್ಕ ಡಬ್ಬಿಯಲ್ಲಿ ಬರುತ್ತದೆ, ಉಪ್ಪು ಸಾಲದು ಅನ್ನಿಸುತ್ತದೆ. ತಪ್ಪು ಪೂರ್ತಿ ಅಡುಗೆಯವರದ್ದಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟೇ ಇರುತ್ತದೆ. ಅಂದರೆ ಹೆಚ್ಚುಕಮ್ಮಿ ಮುಳ್ಳಯ್ಯನಗಿರಿ ತುದಿಯಲ್ಲೋ, ಅದಕ್ಕೂ ಮೇಲೋ ಕೂತು ತಿಂದಂತೆ. ಜೊತೆಗೆ ಗಾಳಿ ಒಣಗಿರುತ್ತದೆ. ಉಪ್ಪು, ಸಿಹಿ ಎರಡೂ ನಾಲಿಗೆಗೆ ಕಮ್ಮಿ ಗೊತ್ತಾಗುತ್ತವೆ. ಇನ್ನು ಕಾಫಿ. ಫಿಲ್ಟರ್ ಕಾಫಿ ಕುಡಿದು ಬೆಳೆದವರು ಟೀ ತೆಗೆದುಕೊಳ್ಳಿ.

ಒಟ್ಟಿನಲ್ಲಿ ತಿಂಡಿ ಕೆಟ್ಟದ್ದಲ್ಲ. 18,000 ರೂಪಾಯಿಯ ತಿಂಡಿಯಂತೂ ಅಲ್ಲ.

ಇನ್ನು ವಿಮಾನದ ಹೊರಗಿನ ಸೌಲಭ್ಯಗಳು. ಚೆಕ್-ಇನ್‌ಗೆ ಬೇರೆ ಕೌಂಟರ್, ಭದ್ರತಾ ತಪಾಸಣೆಗೆ ಬೇರೆ ಸಾಲು, ಲೌಂಜ್, ಮೊದಲು ಹತ್ತುವುದು, ಮೊದಲು ಇಳಿಯುವುದು. ಇವುಗಳ ಬೆಲೆ ಹತ್ತು ವರ್ಷದ ಹಿಂದೆ ಜಾಸ್ತಿ ಇತ್ತು. ಈಗ ಡಿಜಿಯಾತ್ರಾ ಬಂದಿದೆ. 2022ರ ಡಿಸೆಂಬರಿನಲ್ಲಿ ಮೊದಲು ಶುರುವಾದ ವಿಮಾನ ನಿಲ್ದಾಣಗಳಲ್ಲಿ ನಮ್ಮದೂ ಒಂದು, ದೆಹಲಿ ಮತ್ತು ವಾರಾಣಸಿ ಜೊತೆಗೆ. ಮುಖ ತೋರಿಸಿದರೆ ಗೇಟು ತೆರೆಯುತ್ತದೆ, ಪೈಸೆ ಖರ್ಚಿಲ್ಲ. ವೆಬ್ ಚೆಕ್-ಇನ್ ಮಾಡಿ, ಬರೀ ಕೈಚೀಲ ಹಿಡಿದು ಹೋದರೆ ಬಿಸಿನೆಸ್‌ನವನಿಗೂ ನಿಮಗೂ ಹತ್ತು ನಿಮಿಷದ ವ್ಯತ್ಯಾಸವೂ ಬರುವುದಿಲ್ಲ. ಲೌಂಜಿಗೆ ಕ್ರೆಡಿಟ್ ಕಾರ್ಡು, ರುಪೇ ಕಾರ್ಡು ಹಿಡಿದವರೆಲ್ಲ 2 ರೂಪಾಯಿ ಉಜ್ಜಿಸಿ ಬರುತ್ತಾರೆ. ಬೆಳಗಿನ ಹೊತ್ತು ಒಳಗೆ ಹೋದರೆ ತಟ್ಟೆ ಹಿಡಿದು ನಿಲ್ಲಲಿಕ್ಕೂ ಜಾಗ ಇರುವುದಿಲ್ಲ. ನಾನಂತೂ ಎರಡನೇ ಟರ್ಮಿನಲ್ಲಿನಲ್ಲಿ ತೂಗುಬಿಟ್ಟಿರುವ ಗಿಡಗಳ ಕೆಳಗೆ ಒಂದು ಬೆಂಚು ಹಿಡಿದು ಕೂರುತ್ತೇನೆ, ಅದೇ ಸುಖ.

ಮೊದಲು ಇಳಿಯುವ ವಿಷಯ ಇನ್ನೂ ತಮಾಷೆ. ವಿಮಾನದ ಬಾಗಿಲಿಗೇ ಬಂದು ಸೇರುವ ಏರೋಬ್ರಿಡ್ಜ್ ಸಿಕ್ಕರೆ ಸರಿ. ಸಿಗದೆ ಬಸ್ಸು ಬಂದರೆ, ಮೊದಲು ಇಳಿದವನು ಮೊದಲು ಬಸ್ಸು ಹತ್ತುತ್ತಾನೆ, ಕೊನೆಯವನು ಬರುವವರೆಗೂ ಅದರಲ್ಲೇ ನಿಂತಿರುತ್ತಾನೆ. ಲಗೇಜಿಗೆ ‘ಪ್ರಯಾರಿಟಿ’ ಅಂತ ಚೀಟಿ ಕಟ್ಟುತ್ತಾರೆ. ಬೆಲ್ಟಿನ ಮೇಲೆ ಅದು ಯಾವಾಗ ಬರುತ್ತದೆ ಅನ್ನುವುದು ಆ ದಿನದ ಅದೃಷ್ಟ.

ಮತ್ತೆ, ಬೆಂಗಳೂರಿನವರಿಗೆ ಕಷ್ಟ ಇರುವುದು ಆಕಾಶದಲ್ಲಿ ಅಲ್ವಲ್ಲ. ಪೀಣ್ಯದಿಂದ ಗೊರಗುಂಟೆಪಾಳ್ಯ, ಬಿಇಎಲ್ ಸರ್ಕಲ್, ಹೆಬ್ಬಾಳ ದಾಟಿ ವಿಮಾನ ನಿಲ್ದಾಣಕ್ಕೆ ಹೋಗಬೇಕು. ಸಂಜೆ ಹೊತ್ತು ಹೆಬ್ಬಾಳ ಫ್ಲೈಓವರ್ ಬುಡದಲ್ಲಿ ಸಿಕ್ಕಿಕೊಂಡರೆ, ಅಷ್ಟು ಹೊತ್ತಿಗೆ ವಿಮಾನದವನು ಅರ್ಧ ಆಂಧ್ರ ದಾಟಿರುತ್ತಾನೆ. ಆ ದಾರಿಗೆ ಯಾರೂ ಬಿಸಿನೆಸ್ ಕ್ಲಾಸ್ ಮಾರುವುದಿಲ್ಲ. ನನ್ನ ದಣಿವಿನಲ್ಲಿ ಮುಕ್ಕಾಲು ಪಾಲು ಅಲ್ಲೇ ಆಗುತ್ತದೆ.

ಹಾಗಾದರೆ ನಾನು ಯಾಕೆ ಈಗಲೂ ಒಮ್ಮೊಮ್ಮೆ ಮುಂದೆ ಕೂರುತ್ತೇನೆ? ಎರಡು ಕಾರಣ, ಎರಡೂ ಲೆಕ್ಕದ್ದು.

ಮೊದಲನೆಯದು ತೂಕ. ಎಕಾನಮಿ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕಿಲೋ ಲಗೇಜು. ಬಿಸಿನೆಸ್‌ಗೆ ಅದರ ದುಪ್ಪಟ್ಟಿನ ಆಸುಪಾಸು. ನಾನು ಸ್ಯಾಂಪಲ್ ಒಯ್ಯುವವನು. ಒಂದು ಫ್ಲ್ಯಾಂಜ್ ಇರುವ ಎರಡು ಇಂಚಿನ ಉಕ್ಕಿನ ವಾಲ್ವ್ ತೂಗಿ ನೋಡಿ, ಗೊತ್ತಾಗುತ್ತದೆ. ಸಣ್ಣದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗೋಣ ಅಂದರೆ ಎಕ್ಸ್‌ರೇಯಲ್ಲಿ ಅದು ಕಪ್ಪು ಗುಂಡಿನ ಹಾಗೆ ಕಾಣುತ್ತದೆ. ಸಿಐಎಸ್‌ಎಫ್ ಜವಾನ ಚೀಲ ಬಿಚ್ಚಿಸಿ, ವಾಲ್ವ್ ಎತ್ತಿ, ಹಿಡಿ ತಿರುಗಿಸಿ, ತೂತಿನಲ್ಲಿ ಕಣ್ಣಿಟ್ಟು ನೋಡಿ, ‘ಯೇ ಕ್ಯಾ ಹೈ?’ ಅಂತ ಕೇಳುತ್ತಾನೆ. ‘ಪಾನಿ ಕಾ ನಲ್ ಹೈ, ಸಾಬ್’ ಅಂತ ನಾನು. ಅವನು ಮತ್ತೊಬ್ಬನನ್ನು ಕರೆಯುತ್ತಾನೆ. ಹಿಂದೆ ನಿಂತವರು ನನ್ನನ್ನು ಶಪಿಸುತ್ತಾರೆ. ಆದ್ದರಿಂದ ಸ್ಯಾಂಪಲ್ ಎಲ್ಲ ಕೆಳಗಿನ ಲಗೇಜಿಗೇ. ಕೌಂಟರಿನಲ್ಲಿ ಹೆಚ್ಚುವರಿ ತೂಕಕ್ಕೆ ಕಿಲೋಗೆ 500 ರೂಪಾಯಿಗಿಂತ ಮೇಲೆಯೇ ಕೇಳುತ್ತಾರೆ. 15 ಕಿಲೋ ಜಾಸ್ತಿಯಾದರೆ 7,500 ದಾಟಿತು. ಅದನ್ನು ಎಕಾನಮಿ ಟಿಕೆಟ್ಟಿಗೆ ಸೇರಿಸಿ ನೋಡಿ. ಬಿಸಿನೆಸ್ ಜೊತೆಗಿನ ಅಂತರ ಅಷ್ಟು ಇಳಿಯುತ್ತದೆ.

ಎರಡನೆಯದು ಜಿಎಸ್‌ಟಿ. ಇದನ್ನು ಸ್ವಂತ ವ್ಯಾಪಾರ ಇರುವವರು ಗಮನಿಸಬೇಕು. ಎಕಾನಮಿಗೆ 5 ಪರ್ಸೆಂಟ್. ಅದಕ್ಕಿಂತ ಮೇಲಿನ ಕ್ಲಾಸಿಗೆ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ. ಮೂಲ ದರ 24,000 ಅಂತ ಇಟ್ಟುಕೊಳ್ಳಿ. ತೆರಿಗೆಯೇ 4,320 ರೂಪಾಯಿ. ಸಂಬಳದವರಿಗೆ ಇದು ಪೂರ್ತಿ ಹೋದ ದುಡ್ಡು. ಆದರೆ ವ್ಯಾಪಾರದ ಕೆಲಸಕ್ಕೆ ಹೋಗುವಾಗ ಬುಕಿಂಗ್‌ನಲ್ಲೇ ಕಂಪನಿಯ ಜಿಎಸ್‌ಟಿ ನಂಬರ್ ಹಾಕಿದರೆ, ಅದು ಇನ್‌ಪುಟ್ ಕ್ರೆಡಿಟ್ ಆಗಿ ಬರುತ್ತದೆ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. ನಂಬರ್ ಆಮೇಲೆ ಸೇರಿಸುತ್ತೇನೆ ಅಂದರೆ ವಿಮಾನದವರ ಹಿಂದೆ ಅಲೆಯಬೇಕು. ಕಾಂಪೊಸಿಷನ್ ಸ್ಕೀಮಿನಲ್ಲಿ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಪದ್ಧತಿಯಲ್ಲಿ ಇರುವವರಿಗೆ ಈ ಕ್ರೆಡಿಟ್ ಇಲ್ಲ. ಮದುವೆಗೆ ಹೋದ ಟಿಕೆಟ್ಟನ್ನು ತಂದು ತುರುಕಿದರೆ ಆಡಿಟರ್ ಕನ್ನಡಕದ ಮೇಲಿಂದ ನೋಡುತ್ತಾರೆ. ನನ್ನ ಆಡಿಟರ್ ಮಾತೇ ಆಡುವುದಿಲ್ಲ, ಕಾಗದ ಪಕ್ಕಕ್ಕೆ ಸರಿಸುತ್ತಾರೆ ಅಷ್ಟೇ.

ಸ್ಯಾಂಪಲ್ ಇದ್ದು, ಕ್ರೆಡಿಟ್ ಸಿಕ್ಕರೆ ನನಗೆ ಬಿಸಿನೆಸ್ ಕ್ಲಾಸಿನ ಅಂತರ ಅರ್ಧಕ್ಕಿಂತ ಕಮ್ಮಿಗೆ ಇಳಿದಂತೆ. ಆಗ ಕೊಡುತ್ತೇನೆ, ಬೇಜಾರಿಲ್ಲದೆ ಕೊಡುತ್ತೇನೆ.

ಮಧ್ಯದ ದಾರಿಯೂ ಇದೆ. ಅದೇ ಎ320 ನಿಯೋದಲ್ಲಿ ಏರ್ ಇಂಡಿಯಾ 8 ಬಿಸಿನೆಸ್ ಸೀಟಿನ ಹಿಂದೆ 24 ಪ್ರೀಮಿಯಂ ಎಕಾನಮಿ ಸೀಟು ಇಟ್ಟಿದೆ, 32 ಇಂಚಿನದ್ದು. ಮೂರು ಮೂರರ ಸಾಲೇ, ಮೊಣಕೈ ಜಗಳ ತಪ್ಪುವುದಿಲ್ಲ. ಆದರೆ ಮಂಡಿಗೆ ಉಸಿರಾಡಲು ಜಾಗ ಇದೆ, ಊಟವೂ ಒಂದು ಮೆಟ್ಟಿಲು ಮೇಲೆ. ಕೆಲವು ದಿನ ಎರಡು ಮೂರು ಸಾವಿರ ಜಾಸ್ತಿಗೆ ಸಿಗುತ್ತದೆ. ತೆರಿಗೆ ಮಾತ್ರ ಇದಕ್ಕೂ 18. ಇಂಡಿಗೋ 18 ವರ್ಷ ಎಲ್ಲರನ್ನೂ ಒಂದೇ ಕ್ಲಾಸಲ್ಲಿ ಕೂರಿಸಿ, 2024ರ ನವೆಂಬರಿನಲ್ಲಿ ‘ಸ್ಟ್ರೆಚ್’ ಅಂತ ತಂದಿತು. ಮೊದಲು ದೆಹಲಿ–ಮುಂಬೈ, ಆಮೇಲೆ ನಮ್ಮ ಮಾರ್ಗಕ್ಕೂ ಬಂತು. ಎ321ರ ಮುಂಭಾಗದಲ್ಲಿ 12 ಸೀಟು, 38 ಇಂಚು, ಊಟಕ್ಕೆ ಒಂದು ಸಸ್ಯಾಹಾರಿ ಬಾಕ್ಸು. ಶುರುವಿನ ದರ 18,018 ಅಂತ ಹೇಳಿದ್ದರು. ಸೀಟು ಮಾತ್ರ ಬೇಕು, ಪಿಂಗಾಣಿ ತಟ್ಟೆ ಬೇಡ ಅನ್ನುವವರಿಗೆ ಸರಿಹೋಗುತ್ತದೆ.

ಉದ್ದ ಇರುವವರಿಗೆ ಎಲ್ಲಕ್ಕಿಂತ ಅಗ್ಗದ ಉಪಾಯ ಎಮರ್ಜೆನ್ಸಿ ಬಾಗಿಲ ಸಾಲು. ಸೀಟು ಆರಿಸಲು ಸಾವಿರ ಚಿಲ್ಲರೆ ಕೊಟ್ಟರೆ ಕಾಲಿಗೆ ಬಿಸಿನೆಸ್‌ನಷ್ಟೇ ಜಾಗ. ಟೇಪು ಇಟ್ಟು ನೋಡಿದ್ದೇನೆ, ಸುಮ್ನೆ ಹೇಳುತ್ತಿಲ್ಲ. ಎರಡು ಬಾಗಿಲ ಸಾಲು ಒಂದರ ಹಿಂದೆ ಒಂದು ಇದ್ದರೆ ಹಿಂದಿನದನ್ನು ಆರಿಸಿ. ಮುಂದಿನ ಸಾಲಿನ ಸೀಟು ಸಾಮಾನ್ಯವಾಗಿ ಒರಗುವುದಿಲ್ಲ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರಿಗೆ ಅಲ್ಲಿ ಕೊಡುವುದಿಲ್ಲ. ಚೀಲ ಕಾಲ ಬಳಿ ಇಟ್ಟುಕೊಳ್ಳಲಿಕ್ಕೂ ಬಿಡುವುದಿಲ್ಲ.

ಇನ್ನೊಂದು ಮಾತು, ದುಡ್ಡು ಕೊಟ್ಟವರು ತಿಳಿದಿರಬೇಕಾದ್ದು. ಒಂದು ಸಲ ಬಿಸಿನೆಸ್ ಟಿಕೆಟ್ ಹಿಡಿದು ಹೋದರೆ ಕೌಂಟರಿನಲ್ಲಿ ‘ಸೀಟು ಕೆಟ್ಟಿದೆ ಸರ್, ಹಿಂದೆ ಕೊಡ್ತೀವಿ’ ಅಂದರು. ಯಾವ ಕಂಪನಿ ಅಂತ ಹೇಳುವುದಿಲ್ಲ. ಪರಿಹಾರವಾಗಿ ಒಂದು ವೋಚರ್ ಮುಂದಿಟ್ಟರು, ಮುಂದಿನ ಪ್ರಯಾಣಕ್ಕೆ ಅಂತೆ. 2023ರ ಫೆಬ್ರವರಿಯಿಂದ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮ ಇದೆ. ದೇಶದೊಳಗಿನ ಹಾರಾಟದಲ್ಲಿ ನಿಮ್ಮ ಒಪ್ಪಿಗೆ ಇಲ್ಲದೆ ಕೆಳಗಿನ ಕ್ಲಾಸಿಗೆ ಇಳಿಸಿದರೆ, ತೆರಿಗೆ ಸಮೇತ ಟಿಕೆಟ್ ದರದ 75 ಪರ್ಸೆಂಟ್ ವಾಪಸ್ ಕೊಡಬೇಕು. ಪ್ರಯಾಣವೂ ಮಾಡಿಸಬೇಕು. ನಾನು ಫೋನಿನಲ್ಲಿ ನಿಯಮ ತೆಗೆದು ಕೌಂಟರಿನ ಹುಡುಗಿಗೆ ತೋರಿಸಿದೆ. ಅವಳು ಒಳಗೆ ಹೋಗಿ ಮೇಲಿನವರನ್ನು ಕರೆದುಕೊಂಡು ಬಂದಳು. ವೋಚರ್ ಮಾಯವಾಯಿತು. ದುಡ್ಡು ಕಾರ್ಡಿಗೆ ಬರಲು ವಾರಗಳೇ ಹಿಡಿದವು, ಆದರೆ ಬಂತು. ಅವತ್ತು ಮಧ್ಯದ ಸೀಟು, ಎರಡೂ ಕಡೆ ಮೊಣಕೈ. ಆದರೂ ನನ್ನ ಲೆಕ್ಕದಲ್ಲಿ ಅದೇ ಅತಿ ಲಾಭದ ದೆಹಲಿ ಪ್ರಯಾಣ.

ಚಳಿಗಾಲಕ್ಕೆ ಮಾತ್ರ ನನ್ನ ನಿಯಮ ಸ್ವಲ್ಪ ಬೇರೆ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜಿಗೆ ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ಜನ ಹತ್ತಿಸಿ, ಬಾಗಿಲು ಮುಚ್ಚಿ, ರನ್‌ವೇ ಪಕ್ಕ ನಿಲ್ಲಿಸಿಬಿಡುವುದೂ ಇದೆ. ಎರಡೂಮುಕ್ಕಾಲು ಗಂಟೆಯ ಸೀಟು ಐದು ಗಂಟೆಯ ಸೀಟಾಗುತ್ತದೆ. ಆ ತಿಂಗಳುಗಳಲ್ಲಿ ವಾಪಸ್ ಬರುವ ಟಿಕೆಟ್ಟಿಗೆ ಅಪ್‌ಗ್ರೇಡ್ ಬಿಡ್ ಹಾಕುತ್ತೇನೆ. ಎಕಾನಮಿ ಕೊಂಡು, ಇಷ್ಟು ಕೊಡುತ್ತೇನೆ ಅಂತ ಮೊತ್ತ ಬರೆದು ಬಿಡುವುದು. ಮುಂದೆ ಸೀಟು ಖಾಲಿ ಉಳಿದರೆ ಕೊಡುತ್ತಾರೆ, ಇಲ್ಲದಿದ್ದರೆ ಕಾರ್ಡಿನಿಂದ ದುಡ್ಡು ಹೋಗುವುದಿಲ್ಲ. ಶನಿವಾರ ಮಧ್ಯಾಹ್ನದಂಥ ಹೊತ್ತಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಸೋಮವಾರ ಬೆಳಗ್ಗೆ, ಶುಕ್ರವಾರ ಸಂಜೆ ಆಸೆ ಬಿಡಿ, ಆಗ ಆಫೀಸಿನ ದುಡ್ಡಲ್ಲಿ ಬರುವವರು ತುಂಬಿರುತ್ತಾರೆ. ಸದ್ಯ ಫರೀದಾಬಾದಿನ ಒಂದು ಕೆಲಸಕ್ಕೆ ಹೋಗುವುದಿದೆ. ಹೋಗುವಾಗ ಎಮರ್ಜೆನ್ಸಿ ಸಾಲು. ಬರುವಾಗ 5,000ಕ್ಕೆ ಬಿಡ್ ಹಾಕಿದ್ದೇನೆ. ಅದಕ್ಕಿಂತ ಒಂದು ರೂಪಾಯಿ ಏರಿಸುವುದಿಲ್ಲ.